ದೊರ್ಕಳ ಹೊಲಿಗೆ, ನಮ್ಮ ಬಾಕಿ

ಯೌವನಸ್ಥರ ಕೂಟದ ಸಂದೇಶ
ಓದುವ ಭಾಗ: ಅಪೊಸ್ತಲರ ಕೃತ್ಯಗಳು 9:36–42

ಹಿಂದೆ ನಿಂತಿರೋರು ದಯವಿಟ್ಟು ಮುಂದೆ ಬನ್ನಿ, ಮೊದಲನೇ ಸಾಲು ಯಾವಾಗಲೂ ನಿಮಗೋಸ್ಕರ ಖಾಲಿ ಇರುತ್ತೆ. ಸತ್ಯವೇದ ತೆಗೆಯಿರಿ. ಮೊಬೈಲಲ್ಲಿ ಓದೋರು ವಾಟ್ಸಪ್ ಮುಚ್ಚಿ ಆಮೇಲೆ ತೆಗೆಯಿರಿ.

ದೊರ್ಕಳ ಕಥೆ ನಿಮಗೆಲ್ಲ ಗೊತ್ತು. ಸಂಡೇ ಸ್ಕೂಲಲ್ಲಿ ಬಣ್ಣ ಹಚ್ಚಿದ್ದೀರಿ. ಯೊಪ್ಪ ಅನ್ನೋ ಊರಲ್ಲಿ ಒಬ್ಬ ಶಿಷ್ಯಳು, ಕಾಯಿಲೆ ಬಿದ್ದು ಸತ್ತಳು, ಮೇಲಂತಸ್ತಿನ ಕೋಣೆಯಲ್ಲಿ ಮಲಗಿಸಿದರು, ಹತ್ತಿರದ ಲುದ್ದದಿಂದ ಪೇತ್ರನನ್ನು ಕರೆಸಿದರು, ಪೇತ್ರ ಎಲ್ಲರನ್ನೂ ಹೊರಗೆ ಕಳಿಸಿ ಮೊಣಕಾಲೂರಿ ಪ್ರಾರ್ಥಿಸಿ ಹೆಸರು ಹಿಡಿದು ಕರೆದ, ಆಕೆ ಕಣ್ಣು ತೆರೆದು ಎದ್ದು ಕೂತಳು. ಹಲ್ಲೆಲೂಯಾ! ಈ ಭಾಗದ ಮೇಲೆ ನಾವು ಪ್ರಸಂಗ ಮಾಡುವಾಗ ನೇರ ಆ ಅದ್ಭುತಕ್ಕೇ ಹೋಗ್ತೀವಿ. ಹೋಗಬೇಕು, ತಪ್ಪಿಲ್ಲ. ನಾವು ಅದ್ಭುತಗಳನ್ನು ನಂಬುವ ಜನ. ಆದರೆ ಇವತ್ತು 39ನೇ ವಚನದಲ್ಲಿ ಸ್ವಲ್ಪ ಹೊತ್ತು ನಿಂತುಕೊಳ್ಳಿ ಅಂತ ಕೇಳ್ಕೊಳ್ತೀನಿ. ಪೇತ್ರ ಮೆಟ್ಟಿಲು ಹತ್ತಿ ಮೇಲೆ ಬಂದಾಗ ಅಲ್ಲಿ ಏನು ಕಂಡಿತು? ವಿಧವೆಯರು ನಿಂತು ಅಳ್ತಾ ಇದ್ದರು. ಸುಮ್ಮನೆ ಅಳಲಿಲ್ಲ. ದೊರ್ಕ ಬದುಕಿದ್ದಾಗ ಮಾಡಿಕೊಟ್ಟ ಒಳಂಗಿ ಮೇಲಂಗಿಗಳನ್ನು ಅವನಿಗೆ ತೋರಿಸಿದರು.

ಯೋಚನೆ ಮಾಡಿ. ಸತ್ತ ಮನೆಯಲ್ಲಿ ಬಟ್ಟೆ ತೋರಿಸ್ತಾರಾ ಯಾರಾದ್ರೂ? ನೋಡಿ ಅಯ್ಯಾ, ಈ ಹೊಲಿಗೆ ನೋಡಿ, ಈ ಅಂಚು ನೋಡಿ, ಇದು ಆಕೆ ಮಾಡಿದ್ದು ಅಂತ. ಮೂಲ ಭಾಷೆಯ ಕ್ರಿಯಾಪದವನ್ನು ನೋಡಿ ಕೆಲವು ವ್ಯಾಖ್ಯಾನಕಾರರು ಹೇಳ್ತಾರೆ, ಅವರು ತೋರಿಸಿದ್ದು ತಾವು ಮೈಮೇಲೆ ತೊಟ್ಟಿದ್ದ ಬಟ್ಟೆಗಳನ್ನೇ ಅಂತ. ಅಂದರೆ ದೊರ್ಕಳ ಸಾಕ್ಷಿ ಆ ಕೋಣೆಯಲ್ಲಿ ಆಗಲೇ ಓಡಾಡ್ತಾ ಇತ್ತು. ಯಾರೂ ಆಕೆಯ ಪ್ರಾರ್ಥನೆಯ ಬಗ್ಗೆ ಮಾತಾಡಲಿಲ್ಲ, ಆಕೆ ಹಾಡಿದ ಹಾಡಿನ ಬಗ್ಗೆ ಮಾತಾಡಲಿಲ್ಲ. ಸೂಜಿ ದಾರದ ಕೆಲಸ ತೋರಿಸಿದರು.

ಇನ್ನೊಂದು ಮಾತು. ಬೈಬಲ್ ಕಾಲೇಜಲ್ಲಿ ಗ್ರೀಕ್ ಪೇಪರ್ ನನಗೆ ಹಲ್ಲು ನೋವು ಇದ್ದ ಹಾಗೆ ಇತ್ತು, ಆದರೂ ಒಂದು ಪದ ಇನ್ನೂ ನೆನಪಿದೆ: ಮಥೇತ್ರಿಯ. ಶಿಷ್ಯ ಅನ್ನೋದಕ್ಕೆ ಸ್ತ್ರೀಲಿಂಗ, ಶಿಷ್ಯಳು. ಇಡೀ ಹೊಸ ಒಡಂಬಡಿಕೆಯಲ್ಲಿ ಈ ಪದ ಒಂದೇ ಒಂದು ಸಲ ಬರುತ್ತೆ, ಅದು 36ನೇ ವಚನದಲ್ಲಿ, ಈ ಬಟ್ಟೆ ಹೊಲಿಯುವ ಹೆಂಗಸಿಗೆ.

ಈಗ ಯೊಪ್ಪ ಬಿಟ್ಟು ನಮ್ಮ ಗಲ್ಲಿಗೆ ಬನ್ನಿ.

ನಿಮ್ಮ ಏರಿಯಾದಲ್ಲಿ ಹತ್ತು ಮನೆ ದಾಟಿದರೆ ಒಂದು ಗೇಟಿಗೆ ಸಣ್ಣ ಬೋರ್ಡ್ ಇರುತ್ತೆ. ಇಲ್ಲಿ ಬ್ಲೌಸ್ ಹೊಲಿದು ಕೊಡಲಾಗುತ್ತದೆ. ಸೀರೆಗೆ ಫಾಲ್, ಜಿಗ್‌ಜಾಗ್, ಕುಚ್ಚು ಹಾಕಲಾಗುತ್ತದೆ. ಒಳಗೆ ಹೋದರೆ ಒಂದೇ ರೂಮು. ಒಂದು ಕಡೆ ಮಂಚ, ಒಂದು ಕಡೆ ಗ್ಯಾಸ್, ಕಿಟಕಿ ಪಕ್ಕ ಮೆಷಿನ್. ಕಿಟಕಿ ಪಕ್ಕ ಯಾಕೆ ಅಂದ್ರೆ ಬೆಳಕಿಗೆ. ಕಪ್ಪು ಬಟ್ಟೆಗೆ ಕಪ್ಪು ದಾರದಲ್ಲಿ ರಾತ್ರಿ ಹೆಮ್ಮಿಂಗ್ ಮಾಡೋರ ಕಣ್ಣು ಏನಾಗುತ್ತೆ ಅಂತ ಅವರನ್ನೇ ಕೇಳಿ. ನಮ್ಮ ಸಭೆಯಲ್ಲೇ ಎಷ್ಟು ಜನ ಅಕ್ಕಂದಿರು, ಆಂಟಿಗಳು ಈ ಕೆಲಸದಲ್ಲಿದ್ದಾರೆ. ಕೆಲವರು ಮೊದಲು ಪೀಣ್ಯದಲ್ಲೋ ಬೊಮ್ಮನಹಳ್ಳಿಯಲ್ಲೋ ಗಾರ್ಮೆಂಟ್ಸಿಗೆ ಹೋಗ್ತಿದ್ದವರು. ಮಗು ಆಯ್ತು, ಅತ್ತೆಗೆ ಹುಷಾರಿಲ್ಲ, ಶಿಫ್ಟಿಗೆ ಹೋಗೋಕ್ಕಾಗಲ್ಲ, ಮನೇಲಿ ಮೆಷಿನ್ ಹಾಕ್ಕೊಂಡರು. ಇಲ್ಲಿ ಕೂತಿರೋ ಎಷ್ಟು ಜನ ಇಂಜಿನಿಯರಿಂಗ್ ಓದಿದ್ದು, ಬಿ.ಕಾಂ ಓದಿದ್ದು ಅಮ್ಮನ ಕಾಲಿನ ಪೆಡಲ್ ಮೇಲೆ? ಕೈ ಎತ್ತಬೇಡಿ, ನಿಮಗೇ ಗೊತ್ತು.

ಆದರೂ ಅಮ್ಮ ಏನು ಕೆಲಸ ಮಾಡ್ತಾರೆ ಅಂದ್ರೆ ಏನು ಹೇಳ್ತೀರಾ? "ಏನಿಲ್ಲ ಬ್ರದರ್, ಮನೇಲೇ ಇರ್ತಾರೆ."

ಏನಿಲ್ಲವಂತೆ! ದಿನಕ್ಕೆ ಹತ್ತು ಗಂಟೆ ಮೆಷಿನ್ ಮೇಲೆ ಕೂತವರಿಗೆ ಏನಿಲ್ಲ.

ಈ ಮಾತು ಎಲ್ಲಿಂದ ಬರುತ್ತೆ? ನಮ್ಮೊಳಗೆ ಒಂದು ತಪ್ಪು ಬೋಧನೆ ಸೇರಿಕೊಂಡಿದೆ. ಮೈಕ್ ಹಿಡಿಯೋದು ಅಭಿಷೇಕ, ಕೀಬೋರ್ಡ್ ಬಾರಿಸೋದು ಅಭಿಷೇಕ, ಕತ್ತರಿ ಹಿಡಿಯೋದು ಬರೀ ಹೊಟ್ಟೆಪಾಡು. ಪವಿತ್ರಾತ್ಮನ ವಿಷಯ ಮಾತಾಡೋ ನಾವು ವಿಮೋಚನಕಾಂಡ 28:3 ನೋಡಲೇಬೇಕು. ದೇವರು ತಾನೇ ಜ್ಞಾನದ ಆತ್ಮನಿಂದ ತುಂಬಿಸಿದ ಜನರ ಬಗ್ಗೆ ಅಲ್ಲಿ ಮೋಶೆಗೆ ಹೇಳ್ತಾನೆ. ಯಾರವರು? ಪ್ರವಾದಿಗಳಲ್ಲ, ಯಾಜಕರೂ ಅಲ್ಲ. ಯಾಜಕನಾದ ಆರೋನನಿಗೆ ಬಟ್ಟೆ ಸಿದ್ಧಮಾಡುವವರು. ಟೈಲರ್‌ಗಳು! ಬೆಚಲೇಲನನ್ನು ದೇವರಾತ್ಮ ತುಂಬಿದ ಮಾತು ಬರೋದು 31ನೇ ಅಧ್ಯಾಯದಲ್ಲಿ, ಅದಕ್ಕೂ ಮೂರು ಅಧ್ಯಾಯ ಮೊದಲು ಬಟ್ಟೆ ಹೊಲಿಯುವವರ ವಿಷಯ ಬಂದುಬಿಟ್ಟಿದೆ. ಆಮೆನ್ ಹೇಳಿ. ಯಾಕೋ ಸ್ವಲ್ಪ ಮೆಲ್ಲಗೆ ಬಂತು, ಆದರೂ ಪರವಾಗಿಲ್ಲ.

ಪೌಲನನ್ನು ನೋಡಿ. ಕೊರಿಂಥಕ್ಕೆ ಬಂದಾಗ ಅಕ್ವಿಲ, ಪ್ರಿಸ್ಕಿಲ್ಲ ಅನ್ನೋ ದಂಪತಿಗಳ ಮನೆಯಲ್ಲಿ ಉಳ್ಕೊಂಡ. ಯಾಕೆ? ಅಪೊಸ್ತಲರ ಕೃತ್ಯಗಳು 18:3, ಮೂವರದ್ದೂ ಒಂದೇ ಕಸುಬು, ಡೇರೆ ಮಾಡೋದು. ಅದೇ ಮನೆಯಲ್ಲಿ ಇದ್ದು ಅವರ ಜೊತೆ ಕೆಲಸ ಮಾಡಿದ. ಇವತ್ತಿನ ಭಾಷೆಯಲ್ಲಿ ವರ್ಕ್ ಫ್ರಂ ಹೋಂ. ಗಂಡಸು, ಅಪೊಸ್ತಲ, ಗಮಲಿಯೇಲನ ಪಾದದ ಬಳಿ ಓದಿದವನು, ದಪ್ಪ ಸೂಜಿ ಹಿಡಿದು ಕೂತಿದ್ದಾನೆ. ಹುಡುಗರು ಇದನ್ನ ಕೇಳಿಸ್ಕೊಳ್ಳಿ, ಹೊಲಿಗೆ ಹೆಂಗಸರ ಕೆಲಸ ಅಂತ ಸತ್ಯವೇದ ಎಲ್ಲೂ ಹೇಳಿಲ್ಲ.

ಈಗ 19:12ಕ್ಕೆ ಬನ್ನಿ. ಇದು ನಮ್ಮವರಿಗೆ ಬಹಳ ಇಷ್ಟವಾದ ವಚನ. ಎಫೆಸದಲ್ಲಿ ಪೌಲನ ಮೈಮೇಲಿದ್ದ ಬಟ್ಟೆತುಂಡುಗಳನ್ನು ರೋಗಿಗಳ ಬಳಿ ತೆಗೆದುಕೊಂಡು ಹೋದರು, ರೋಗಗಳು ಬಿಟ್ಟುಹೋದವು. ಇದನ್ನು ನೋಡಿ ನಾವು ಪ್ರಾರ್ಥಿಸಿದ ಕರವಸ್ತ್ರ ಹಂಚ್ತೀವಿ. ಆದರೆ ಆ ಬಟ್ಟೆತುಂಡು ಯಾವುದು? ಬಹಳ ವ್ಯಾಖ್ಯಾನಕಾರರ ಪ್ರಕಾರ ಒಂದು ಬೆವರು ಒರೆಸಿಕೊಳ್ಳೋ ಬಟ್ಟೆ, ಇನ್ನೊಂದು ಕೆಲಸ ಮಾಡುವಾಗ ಸೊಂಟಕ್ಕೆ ಕಟ್ಟಿಕೊಳ್ಳೋ ಏಪ್ರನ್. ಇಸ್ತ್ರಿ ಮಾಡಿದ ಬಿಳೀ ಕರವಸ್ತ್ರ ಅಲ್ಲ ಪ್ರಿಯರೇ. ಕೆಲಸಗಾರನ ಬೆವರಿನ ಬಟ್ಟೆ. ದೇವರು ಅದನ್ನೇ ಎತ್ತಿ ಉಪಯೋಗಿಸಿದ. ಕರವಸ್ತ್ರ ಬೇಕು, ಅದರ ಬೆವರು ಬೇಡ ಅಂದ್ರೆ ಆಗಲ್ಲ. ಎಫೆಸದ ಹಿರಿಯರನ್ನು ಬೀಳ್ಕೊಡುವಾಗಲೂ ಪೌಲ ಹೇಳಿದ್ದು ಇದನ್ನೇ, 20:34, ತನ್ನ ಮತ್ತು ಜೊತೆಯವರ ಕೊರತೆಗೆ ಈ ಕೈಗಳೇ ದುಡಿದವು ಅಂತ.

ಸರಿ, ಇಷ್ಟರವರೆಗೆ ಎಲ್ಲರೂ ತಲೆ ಅಲ್ಲಾಡಿಸ್ತಾ ಇದ್ದೀರಿ. ಇನ್ನು ಮುಂದೆ ಸ್ವಲ್ಪ ಕಷ್ಟ ಇದೆ.

ಒಂದು ಲೆಕ್ಕ ಮಾಡೋಣ. ಒಬ್ಬ ಅಕ್ಕ ಲೈನಿಂಗ್ ಬ್ಲೌಸಿಗೆ 250 ರೂಪಾಯಿ ತಗೋತಾರೆ ಅಂತ ಇಟ್ಕೊಳ್ಳಿ. ಲೈನಿಂಗ್ ಬಟ್ಟೆ ಅವರದ್ದೇ, 70. ದಾರ, ಹುಕ್ಸು, ಕ್ಯಾನ್ವಾಸು ಎಲ್ಲ ಸೇರಿ 15. ಉಳಿದದ್ದು 165. ಅಳತೆ ತಗೊಂಡು, ಕಟಿಂಗ್ ಮಾಡಿ, ಹೊಲಿದು, ಕೈಯಲ್ಲಿ ಹೆಮ್ಮಿಂಗ್ ಮಾಡಿ, ಹುಕ್ ಹಾಕಿ, ಇಸ್ತ್ರಿ ಮಾಡಿ ಕೊಡೋಕೆ ಮೂರೂವರೆ ಗಂಟೆ. ಗಂಟೆಗೆ 47 ರೂಪಾಯಿ ಆಯ್ತು. ಇದರಲ್ಲಿ ಕರೆಂಟ್ ಬಿಲ್ ಕಳೆದಿಲ್ಲ, ಮೆಷಿನ್ ರಿಪೇರಿ ಕಳೆದಿಲ್ಲ, "ಸ್ವಲ್ಪ ಲೂಸ್ ಆಯ್ತು ಆಂಟಿ" ಅಂತ ನೀವು ವಾಪಸ್ ತಂದಾಗ ಬಿಚ್ಚಿ ಹೊಲಿದ ಅರ್ಧ ಗಂಟೆ ಕಳೆದಿಲ್ಲ. ನಮ್ಮ ಹೋಟೆಲಲ್ಲಿ ಒಂದು ಮಸಾಲೆ ದೋಸೆ, ಕಾಫಿಗೆ ಎಷ್ಟಾಗುತ್ತೆ ಅಂತ ನಿಮಗೇ ಗೊತ್ತು. ಆಮೇಲೆ ನಾವೇನು ಹೇಳ್ತೀವಿ? "ಆಂಟಿ, ನಾವು ಒಂದೇ ಸಭೆಯವರಲ್ವಾ, 200 ಮಾಡ್ಕೊಳ್ಳಿ."

ಜ್ಞಾನೋಕ್ತಿಗಳು 20:14 ಓದಿದ್ದೀರಾ? ಕೊಳ್ಳುವವನು ಎದುರಿಗೆ ಚೆನ್ನಾಗಿಲ್ಲ, ಚೆನ್ನಾಗಿಲ್ಲ ಅಂತಾನೆ, ಆಮೇಲೆ ಆಚೆ ಹೋಗಿ ಹೊಗಳಿಕೊಳ್ತಾನೆ ಅನ್ನೋ ಅರ್ಥದ ವಚನ. ಸೊಲೊಮೋನ ನಮ್ಮ ಚಿಕ್ಕಪೇಟೆ ನೋಡಿದ್ದನೇನೋ ಅನ್ನಿಸುತ್ತೆ. ಅಂಗಡಿಯವನ ಹತ್ರ ಚೌಕಾಸಿ ಮಾಡಿ, ಅವನು ಮೊದಲೇ ಅದಕ್ಕೆ ಸೇರಿಸಿ ರೇಟ್ ಹೇಳಿರ್ತಾನೆ. ಮಾಲ್‌ನಲ್ಲಿ ನಾವ್ಯಾರೂ ಬಾಯಿ ಬಿಡಲ್ಲ, ಟ್ಯಾಗ್ ನೋಡಿ ಸುಮ್ಮನೆ ಕಾರ್ಡ್ ಉಜ್ಜುತ್ತೀವಿ. ಚೌಕಾಸಿ ಮಾಡೋಕೆ ನಮಗೆ ಸಿಗೋದು ಒಂದೇ ರೂಮಿನ ಮನೆಯ ಆ ಹೆಂಗಸು. ಅವರ ಹತ್ರ 50 ರೂಪಾಯಿ ಕಮ್ಮಿ ಮಾಡಿಸಿ, ಅದನ್ನೇ ಗೆಳತಿಯ ಮುಂದೆ ಸಾಧನೆ ಅಂತ ಹೇಳ್ತೀವಿ.

ಚೌಕಾಸಿಗಿಂತ ದೊಡ್ಡ ವಿಷಯ ಬಾಕಿ. ಧರ್ಮೋಪದೇಶಕಾಂಡ 24:14-15 ಮನೆಗೆ ಹೋಗಿ ನಿಧಾನವಾಗಿ ಓದಿ. ಬಡ ಕೂಲಿಯವನ ಕೂಲಿಯನ್ನು ಅದೇ ದಿನ, ಸೂರ್ಯ ಮುಳುಗೋದಕ್ಕೆ ಮೊದಲು ಕೊಡಬೇಕು, ಅವನ ಮನಸ್ಸೆಲ್ಲ ಅದರ ಮೇಲೇ ಇರುತ್ತೆ, ಕೊಡದೆ ಹೋದರೆ ಅವನು ಯೆಹೋವನಿಗೆ ಮೊರೆಯಿಟ್ಟಾನು, ಆಗ ಅದು ನಿನಗೆ ಪಾಪವಾಗುತ್ತೆ ಅಂತ. ಮುಂದಿನ ತಿಂಗಳು ಸಂಬಳ ಬಂದ ಮೇಲೆ ಅಂತಿಲ್ಲ. ಸೂರ್ಯ ಮುಳುಗೋದಕ್ಕೆ ಮೊದಲು. ಹೊಸ ಒಡಂಬಡಿಕೆ ಇದನ್ನು ಸಡಿಲ ಮಾಡಿತಾ? ಯಾಕೋಬ 5:4 ಇನ್ನೂ ಬಿಗಿ. ತಡೆಹಿಡಿದ ಕೂಲಿಗೇ ಬಾಯಿದೆ, ಅದು ಕೂಗುತ್ತೆ, ಆ ಕೂಗು ಸೇನಾಧೀಶ್ವರನಾದ ಕರ್ತನ ಕಿವಿಗೆ ಮುಟ್ಟುತ್ತೆ ಅಂತ ಬರೀತಾನೆ. ನಾವು ಆರಾಧನೆಯಲ್ಲಿ ಎರಡೂ ಕೈ ಎತ್ತಿ ಹಾಡ್ತಾ ಇರೋ ಹೊತ್ತಲ್ಲೇ ಆ ಕಡೆಯಿಂದ ಇನ್ನೊಂದು ಶಬ್ದ ಕೂಡ ಅದೇ ಕಿವಿಗೆ ಹೋಗ್ತಾ ಇರುತ್ತೆ.

ಊಟ ಆರ್ಡರ್ ಮಾಡಿದರೆ ಅನ್ನ ಬೇಯೋ ಮೊದಲೇ ದುಡ್ಡು ಕಟ್ತೀವಿ. ಕ್ಯಾಬ್ ಇಳಿದ ತಕ್ಷಣ ಕೊಡ್ತೀವಿ. ಹೊಲಿದ ಬಟ್ಟೆ ಕೈಗೆ ಬಂದಾಗ ಮಾತ್ರ "ಆಂಟಿ, ಆಮೇಲೆ ಗೂಗಲ್ ಪೇ ಮಾಡ್ತೀನಿ." ಆ ಆಮೇಲೆ ಯಾವ ಕ್ಯಾಲೆಂಡರಿನಲ್ಲೂ ಬರಲ್ಲ. ಡಿಸೆಂಬರ್ ತಿಂಗಳು ಇದಕ್ಕೆಲ್ಲ ಸೀಸನ್. ಕ್ರಿಸ್ಮಸ್ ಬಟ್ಟೆ 24ನೇ ತಾರೀಖು ಬೇಕೇ ಬೇಕು ಅಂತ 20ಕ್ಕೆ ಕೊಡ್ತೀವಿ, ಅವರು ರಾತ್ರಿ ಎರಡು ಗಂಟೆವರೆಗೂ ಮೆಷಿನ್ ತುಳಿದು ಕೊಡ್ತಾರೆ, ತಮ್ಮ ಮಕ್ಕಳ ಬಟ್ಟೆ ಕೊನೆಗೆ ಉಳಿದುಬಿಡುತ್ತೆ. ನಾವು ಹೊಸ ಬಟ್ಟೆ ಹಾಕ್ಕೊಂಡು ಬಂದು ಸೆಲ್ಫಿ ತಗೋತೀವಿ. ದುಡ್ಡು ಜನವರಿಯಲ್ಲಿ. ಕೈ ಕೆಸರಾದರೆ ಬಾಯಿ ಮೊಸರು ಅಂತಾರೆ, ಇಲ್ಲಿ ಕೆಸರು ಅವರ ಕೈಗೆ, ಮೊಸರು ನಮ್ಮ ಬಾಯಿಗೆ.

ಕೆಲವು ವರ್ಷದ ಹಿಂದೆ ನಾನು ಬೇರೆ ಒಂದು ಸಭೆಯಲ್ಲಿ ಯೌವನಸ್ಥರ ಸೇವೆಯಲ್ಲಿದ್ದೆ. ಅಲ್ಲಿ ಒಬ್ಬ ಅಕ್ಕ, ಗಂಡ ತೀರಿಕೊಂಡಿದ್ದರು, ಎರಡು ಮಕ್ಕಳು, ಮನೆಯಲ್ಲೇ ಹೊಲಿಗೆ. ಒಂದು ವಾರವೂ ತಪ್ಪಿಸದೇ ಬರ್ತಿದ್ದವರು ಇದ್ದಕ್ಕಿದ್ದ ಹಾಗೆ ಬರೋದು ನಿಲ್ಲಿಸಿಬಿಟ್ಟರು. ವಿಶ್ವಾಸದಲ್ಲಿ ಹಿಂಜಾರಿದ್ದಾರೆ ಅಂತ ಮಾತಾಯ್ತು. ಹಿರಿಯರೊಬ್ಬರ ಜೊತೆ ನಾನೂ ಅವರ ಮನೆಗೆ ಪ್ರಾರ್ಥನೆಗೆ ಹೋದೆ. ಟೀ ಕೊಟ್ಟರು. "ಯಾಕಕ್ಕಾ ಬರ್ತಿಲ್ಲ?" ಅಂದ್ರೆ ಏನೂ ಹೇಳಲಿಲ್ಲ. ತುಂಬಾ ಹೊತ್ತಾದ ಮೇಲೆ ಮೆಷಿನ್ ಡ್ರಾಯರಿಂದ ಒಂದು ನೋಟ್‌ಬುಕ್ ತೆಗೆದರು. ಒಂಬತ್ತು ಹೆಸರು. ಎಲ್ಲಾ ನಮ್ಮ ಸಭೆಯವರೇ. ಕ್ವಯರ್‌ನವರೂ ಇದ್ದರು. ಒಟ್ಟು 6,850 ರೂಪಾಯಿ. ಆ ಅಕ್ಕ ಹೇಳಿದ ಮಾತು: "ಅವರು ನನ್ನನ್ನ ನೋಡಿದ್ರೆ ಮುಖ ತಿರುಗಿಸ್ತಾರೆ ಬ್ರದರ್. ದೇವರ ಮನೇಲಿ ದುಡ್ಡು ಕೇಳೋಕ್ಕಾಗುತ್ತಾ? ಸಾಲ ತಗೊಂಡೋಳು ನಾನೇ ಏನೋ ಅನ್ನೋ ಹಾಗೆ ನಾಚಿಕೆಯಾಗುತ್ತೆ. ಅದಕ್ಕೇ ಬರಲ್ಲ."

ಅವರು ಹಿಂಜಾರಿರಲಿಲ್ಲ, ನಾವು ಅವರನ್ನ ಹಿಂದಕ್ಕೆ ತಳ್ಳಿದ್ದೆವು. ಆ ಹಿರಿಯರು ಹೆಸರುಗಳನ್ನು ವೇದಿಕೆಯಿಂದ ಓದಲಿಲ್ಲ, ಒಬ್ಬೊಬ್ಬರ ಮನೆಗೇ ಹೋದರು. ಆ ವಾರ ಏಳು ಜನ ಕೊಟ್ಟರು. ಎರಡು ಭಾನುವಾರ ಬಿಟ್ಟು ಆ ಅಕ್ಕ ಬಂದು ಕೊನೇ ಸಾಲಲ್ಲಿ ಕೂತರು. ಇನ್ನಿಬ್ಬರು ಕೊಟ್ಟರಾ ಅಂತ ಕೇಳಬೇಡಿ.

ಇಲ್ಲಿ ಯಾರಾದರೂ ಮನಸ್ಸಲ್ಲೇ ಕೇಳ್ತಾ ಇರ್ತೀರಿ. ಪಾಸ್ಟರ್, ದೊರ್ಕ ಫ್ರೀಯಾಗಿ ಕೊಟ್ಟಳಲ್ಲಾ? ಹೌದು. ಆಕೆಯ ಸತ್ಕ್ರಿಯೆ, ದಾನಧರ್ಮಗಳ ಬಗ್ಗೆ ವಚನವೇ ಹೇಳುತ್ತೆ. ಆದರೆ ಯಾರಿಗೆ ಕೊಟ್ಟಳು? ವಿಧವೆಯರಿಗೆ. ಆ ಕಾಲದಲ್ಲಿ ನೂಲು ತೆಗೆಯೋದರಿಂದ ನೇಯೋದರವರೆಗೆ ಎಲ್ಲಾ ಕೈಯಲ್ಲೇ ಆಗಬೇಕು, ಒಂದು ಅಂಗಿ ಅಂದ್ರೆ ಆಸ್ತಿ. ಬಡವನ ಹೊದಿಕೆಯನ್ನು ಒತ್ತೆ ಇಟ್ಟುಕೊಂಡರೆ ಸೂರ್ಯ ಮುಳುಗೋ ಮೊದಲು ವಾಪಸ್ ಕೊಡಿ ಅಂತ ವಿಮೋಚನಕಾಂಡ 22:26-27ರಲ್ಲಿ ದೇವರು ಕಾನೂನೇ ಮಾಡಿದ್ದಾನೆ, ಅಷ್ಟು ಬೆಲೆ ಬಟ್ಟೆಗೆ. ಅಂಥ ಬಟ್ಟೆಯನ್ನು ಕೊಳ್ಳೋಕ್ಕಾಗದವರಿಗೆ ದೊರ್ಕ ತಾನಾಗಿ ಕೊಟ್ಟಳು. ಯೊಪ್ಪದ ಶ್ರೀಮಂತ ವ್ಯಾಪಾರಿಯೊಬ್ಬ ಬಂದು, ನೀನು ಶಿಷ್ಯಳಲ್ವಾ, ನನಗೂ ಫ್ರೀಯಾಗಿ ಹೊಲಿದುಕೊಡು ಅಂದಿದ್ದರೆ? ದಾನ ಅನ್ನೋದು ಕೊಡೋರ ಕೈಯಿಂದ ಹೊರಡಬೇಕು. ತಗೊಳ್ಳೋರು ಬಾಯಿಬಿಟ್ಟು ಕೇಳಿ ಕಿತ್ಕೊಂಡರೆ ಅದಕ್ಕೆ ಬೇರೆ ಹೆಸರಿದೆ. ತಿಂಗಳಿಗೆ ಸಂಬಳ ಬರೋ ನಾವು ದೊರ್ಕಳ ವಿಧವೆಯರ ಸಾಲಲ್ಲಿ ಹೋಗಿ ನಿಂತ್ಕೊಳ್ಳಬಾರದು.

ಈಗ ಹೊಲಿಯೋರಿಗೆ ಎರಡು ಮಾತು. ಇಲ್ಲಿ ಕೆಲವು ತಂಗಿಯರು ಕೆಲಸ ಹೋಗಿ ಮನೇಲಿದ್ದೀರಿ, ಕೆಲವರು ಮದುವೆಯಾಗಿ ಬೇರೆ ಊರಿಗೆ ಹೋಗ್ತಾ ಇದ್ದೀರಿ, ಟೈಲರಿಂಗ್ ಕಲೀಲಾ ಅಂತ ನನ್ನನ್ನೂ ನನ್ನ ಹೆಂಡತಿಯನ್ನೂ ಕೇಳಿದ್ದೀರಿ. ಕಲೀರಿ. ಆದರೆ ಯೂಟ್ಯೂಬ್ ನೋಡಿ ಮೂರು ದಿನಕ್ಕೆ ಬೋರ್ಡ್ ಹಾಕಬೇಡಿ. ಬೇರೆಯವರ ರೇಷ್ಮೆ ಬಟ್ಟೆಗೆ ಕತ್ತರಿ ಇಡೋ ಮೊದಲು ಹಳೇ ಬೆಡ್‌ಶೀಟ್ ಮೇಲೆ, ಸಾದಾ ಕಾಟನ್ ಮೇಲೆ ತಿಂಗಳುಗಟ್ಟಲೆ ಕೈ ಕೂರಬೇಕು. ಮೊದಲು ನೈಟಿ, ಪೆಟಿಕೋಟು, ಫಾಲ್, ಆಲ್ಟರೇಷನ್. ಪ್ರಿನ್ಸೆಸ್ ಕಟ್, ಆರಿ ವರ್ಕ್ ಎಲ್ಲ ಆಮೇಲೆ. ಒಬ್ಬ ಒಳ್ಳೇ ಟೈಲರ್ ಹತ್ರ ಹುಕ್ ಹಾಕೋ ಕೆಲಸದಿಂದ ಶುರುಮಾಡಿದವರು ಗಟ್ಟಿಯಾಗಿ ಕಲೀತಾರೆ, ನಾನು ನೋಡಿದ್ದೇನೆ.

ರೇಟನ್ನು ಮೊದಲೇ ಹೇಳಿ. ಗೋಡೆ ಮೇಲೆ ಬರೆದು ಅಂಟಿಸಿ. ಸಭೆಯವರಿಗೆ ಒಂದು ರೇಟು, ಹೊರಗಿನವರಿಗೆ ಒಂದು ರೇಟು ಅಂತ ಇಡಬೇಡಿ. ಅರ್ಧ ಅಡ್ವಾನ್ಸ್ ಕೇಳೋದು ಅವಿಶ್ವಾಸ ಅಲ್ಲ. ದುಡ್ಡು ಕೇಳಿದರೆ ಆತ್ಮಿಕತೆ ಕಮ್ಮಿ ಅಂತ ಸೈತಾನ ಹೇಳ್ತಾನೆ, ಅವನ ಮಾತು ಕೇಳಬೇಡಿ. ಜ್ಞಾನೋಕ್ತಿ 31ರ ಗುಣವತಿ ಮನೆಯಲ್ಲಿ ಬಟ್ಟೆ ಮಾಡಿ, 24ನೇ ವಚನದಲ್ಲಿ ನೋಡಿ, ಮಾರ್ತಾಳೆ. ವ್ಯಾಪಾರಿಗಳಿಗೆ ಸಪ್ಲೈ ಮಾಡ್ತಾಳೆ. ತನ್ನ ವ್ಯಾಪಾರ ಲಾಭದಲ್ಲಿದೆ ಅಂತ ಅವಳಿಗೆ ಗೊತ್ತು, 18ನೇ ವಚನ. ಗೊತ್ತಿರಬೇಕು ಅಂದ್ರೆ ಲೆಕ್ಕ ಬರೆದಿಟ್ಟಿರಬೇಕು. ಒಂದು ನೋಟ್‌ಬುಕ್ ಇಡಿ.

ಅದರ ಜೊತೆಗೆ ನಿಮ್ಮ ಹೌದು ಹೌದಾಗಿರಲಿ. "ನಾಳೆ ಬನ್ನಿ" ಅನ್ನೋದು ಟೈಲರ್‌ಗಳ ಬಾಯಲ್ಲಿ ಒಂದು ಜೋಕ್ ಆಗಿಬಿಟ್ಟಿದೆ. ಶುಕ್ರವಾರ ಆಗಲ್ಲ ಅಂದ್ರೆ ಆಗಲ್ಲ ಅಂತ ಹೇಳಿ. ಮಿಕ್ಕ ಬಟ್ಟೆಯನ್ನ ತುಂಡಾದರೂ ವಾಪಸ್ ಕೊಡಿ. ಕಟಿಂಗಲ್ಲಿ ಬಟ್ಟೆ ಹಾಳಾದರೆ ಮುಚ್ಚಿಡಬೇಡಿ. 1 ಥೆಸಲೋನಿಕ 4:11-12ರಲ್ಲಿ ಪೌಲ ಸ್ವಂತ ಕೈಯಿಂದ ಕೆಲಸ ಮಾಡಿ ಅಂತ ಹೇಳಿ, ಅದರ ಕಾರಣವನ್ನೂ ಕೊಡ್ತಾನೆ, ಹೊರಗಿನವರ ಮುಂದೆ ನಡತೆ ಸರಿಯಾಗಿರಲಿ ಅಂತ. ಗಲ್ಲಿಯ ಅನ್ಯಜನರು ನಿಮ್ಮ ಸತ್ಯವೇದ ಓದ್ತಾರೋ ಇಲ್ಲವೋ, ನಿಮ್ಮ ಹೆಮ್ಮಿಂಗ್ ಅಂತೂ ಓದ್ತಾರೆ.

ಎಚ್ಚರಿಕೆಯ ಒಂದು ಮಾತು. ಮನೆಯಿಂದ ಹೊಲಿಗೆ ಕೆಲಸ ಕೊಡ್ತೀವಿ, ಮೊದಲು ರಿಜಿಸ್ಟ್ರೇಷನ್ ಫೀಸ್ ಕಟ್ಟಿ, ಡೆಪಾಸಿಟ್ ಕಟ್ಟಿ ಅಂತ ಮೆಸೇಜ್ ಬಂದರೆ ಕಟ್ಟಬೇಡಿ. ಕೆಲಸ ಕೊಡೋರು ನಿಮಗೆ ದುಡ್ಡು ಕೊಡ್ತಾರೆ, ನಿಮ್ಮಿಂದ ತಗೊಳ್ಳಲ್ಲ. "ಬ್ರದರ್, ಆ ಮೆಸೇಜಲ್ಲಿ ವಚನ ಕೂಡ ಇತ್ತು" ಅಂತ ಒಬ್ಬ ತಂಗಿ ಹೇಳಿದಳು. ಅರಣ್ಯದಲ್ಲಿ ಯೇಸುವಿನ ಹತ್ರ ಬಂದ ಸೈತಾನನೂ ವಚನ ಹೇಳಿಯೇ ಮಾತಾಡಿದ್ದು.

ಸರ್ಕಾರದ್ದು ಕೂಡ ತಿಳ್ಕೊಳ್ಳಿ. ಪಿಎಂ ವಿಶ್ವಕರ್ಮ ಯೋಜನೆ 2023ರ ಸೆಪ್ಟೆಂಬರ್ 17ರಂದು ಶುರುವಾಯ್ತು. ಅದರ 18 ಕಸುಬುಗಳಲ್ಲಿ ದರ್ಜಿಯ ಕೆಲಸವೂ ಇದೆ. ತರಬೇತಿ, ಉಪಕರಣಕ್ಕೆ 15,000 ರೂಪಾಯಿವರೆಗೆ, ಜಾಮೀನಿಲ್ಲದೆ 5% ಬಡ್ಡಿಗೆ ಮೊದಲು 1 ಲಕ್ಷ, ಅದನ್ನು ಸರಿಯಾಗಿ ತೀರಿಸಿದರೆ 2 ಲಕ್ಷದವರೆಗೆ ಸಾಲ. ಒಂದು ಕುಟುಂಬದಿಂದ ಒಬ್ಬರಿಗೆ ಮಾತ್ರ. ಹತ್ತಿರದ ಸಿಎಸ್‌ಸಿ ಸೆಂಟರಿನಲ್ಲಿ ಆಧಾರ್ ತಗೊಂಡು ಹೋಗಿ ಕೇಳಿ. ಇಲ್ಲಿ ಕಂಪ್ಯೂಟರ್ ಮುಂದೆ ದಿನವಿಡೀ ಕೂರೋ ಹುಡುಗರು ಎಷ್ಟು ಜನ ಇದ್ದೀರಿ! ಒಂದು ಶನಿವಾರ ಒಬ್ಬ ಆಂಟಿಯ ಅರ್ಜಿ ತುಂಬಿಕೊಡೋದು, ಅವರ ಗೂಗಲ್ ಪೇ ಸರಿಮಾಡಿಕೊಡೋದು, ಅವರು ಹೊಲಿದ ಬ್ಲೌಸ್‌ಗಳ ಒಳ್ಳೇ ಫೋಟೋ ತೆಗೆದು ಸ್ಟೇಟಸ್ ಹಾಕೋಕೆ ಕಲಿಸೋದು ಕೂಡ ಸೇವೆಯೇ. ಟ್ರ್ಯಾಕ್ಟ್ ಹಂಚೋ ಹುರುಪಿನಲ್ಲೇ ಇದನ್ನೂ ಮಾಡಿ.

ನಮ್ಮ ರಾಜ್ಯದ ಚರಿತ್ರೆಯಲ್ಲೇ ಒಂದು ಉದಾಹರಣೆ ಇದೆ. ಬಾಸೆಲ್ ಮಿಷನ್‌ನವರು 1834ರಲ್ಲಿ ಮಂಗಳೂರಿಗೆ ಬಂದರು. ಯೇಸುವನ್ನು ನಂಬಿದವರನ್ನು ಮನೆಯವರು, ಜಾತಿಯವರು ಹೊರಗೆ ಹಾಕಿದಾಗ ಅವರ ಕೈಲಿದ್ದ ಕೆಲಸವೂ ಹೋಗ್ತಿತ್ತು. ಆಗ ಮಿಷನ್‌ನವರು ಪ್ರಾರ್ಥನೆ ಮಾಡಿ ಕಳಿಸಲಿಲ್ಲ, ಮಗ್ಗ ಹಾಕಿದರು, ನೇಯ್ಗೆ ಕಲಿಸಿದರು, 1865ರಲ್ಲಿ ಹೆಂಚಿನ ಕಾರ್ಖಾನೆ ತೆರೆದರು. ಮಂಗಳೂರು ಹೆಂಚು ಅಂತ ಇವತ್ತಿಗೂ ಮನೆ ಮೇಲೆ ಇದೆಯಲ್ಲ, ಅದರ ಹಿಂದೆ ಈ ಕಥೆ ಇದೆ. ಅವರ ಆರಾಧನೆಯ ರೀತಿ ಬೇರೆ, ನಮ್ಮದು ಬೇರೆ. ಆದರೆ ಹೊಸ ವಿಶ್ವಾಸಿಗೆ ದೀಕ್ಷಾಸ್ನಾನ ಆದ ಮೇಲೆ ಸೋಮವಾರ ಬೆಳಿಗ್ಗೆ ಏನು ಊಟ ಅಂತ ಅವರು ಯೋಚಿಸಿದರು. ನಾವು ಪೆಂತೆಕೊಸ್ತಿನವರು ಅವರಿಂದ ಇದನ್ನು ಕಲೀಬೇಕು ಅಂತ ನಾನು ಮುಚ್ಚುಮರೆ ಇಲ್ಲದೆ ಹೇಳ್ತೀನಿ.

ಮೆಷಿನ್ ಮುಂದೆ ಒಬ್ಬರೇ ಕೂತಿರೋ ಅಮ್ಮಂದಿರನ್ನು ನೆನೆಸಿಕೊಂಡಾಗ ನನಗೆ ಹನ್ನಳ ನೆನಪಾಗುತ್ತೆ. ಹನ್ನಳ ಪ್ರಾರ್ಥನೆ ನಮಗೆಲ್ಲ ಬಾಯಿಪಾಠ. 1 ಸಮುವೇಲ 2:19 ನೋಡಿದ್ದೀರಾ? ದೇವರಿಗೆ ಕೊಟ್ಟುಬಿಟ್ಟ ಮಗನಿಗೋಸ್ಕರ ವರ್ಷ ವರ್ಷ ಒಂದು ಚಿಕ್ಕ ನಿಲುವಂಗಿ ಮಾಡಿಕೊಂಡು ಶೀಲೋವಿಗೆ ಹೋಗ್ತಿದ್ದಳು. ಮಗು ಎದುರಿಗಿಲ್ಲ, ಅಳತೆ ಇಲ್ಲ. ಈ ವರ್ಷ ಎಷ್ಟು ಬೆಳೆದಿರಬಹುದು ಅಂತ ಅಂದಾಜಿನ ಮೇಲೆ ಹೊಲೀಬೇಕು. ಸ್ವಲ್ಪ ದೊಡ್ಡದಾಗೇ ಹೊಲಿದಿರ್ತಾಳೆ ಅಲ್ವಾ, ತಾಯಂದಿರು ಮಾಡೋ ಹಾಗೆ. ಇಲ್ಲಿ ಪಿಜಿಯಲ್ಲಿರೋ ಮಕ್ಕಳಿಗೆ ಊರಿಂದ ಅಮ್ಮ ಹೊಲಿದು ಕಳಿಸಿದ ಬಟ್ಟೆ ಇದ್ದರೆ, ಫ್ಯಾಷನ್ ಇಲ್ಲ ಅಂತ ಸೂಟ್‌ಕೇಸ್ ಅಡಿಯಲ್ಲಿ ಇಡಬೇಡಿ.

ಮುಗಿಸ್ತೀನಿ. ನಮ್ಮ ಕ್ವಯರ್‌ಗೆ ಈ ಸಲ ಕ್ರಿಸ್ಮಸ್‌ಗೆ ಹೊಸ ಬಟ್ಟೆ ಅಂತ ತೀರ್ಮಾನ ಆಗಿದೆ. ಅದನ್ನು ಸಭೆಯ ಮೂವರು ಸಹೋದರಿಯರು ಮನೆಯಲ್ಲಿ ಹೊಲೀತಾರೆ. ಹೊರಗಿನ ಅಂಗಡಿಯ ರೇಟೇ ಕೊಡ್ತೀವಿ, ಅರ್ಧ ಈ ಭಾನುವಾರ, ಅರ್ಧ ಬಟ್ಟೆ ಕೈಗೆ ಬಂದ ದಿನ. ಖಜಾಂಚಿ ಅಣ್ಣನಿಗೆ ಹೇಳಿಯಾಗಿದೆ. ಮತ್ತು ಈಗ ಎಲ್ಲರೂ ಕಣ್ಣು ಮುಚ್ಚೋದಕ್ಕೆ ಮೊದಲು ಫೋನ್ ತೆಗೀರಿ. ಹೌದು, ಈಗ ತೆಗೀಬಹುದು. ಯಾರಿಗಾದರೂ ಹೊಲಿಗೆಯ ಬಾಕಿ ಇದ್ದರೆ ಈಗಲೇ ಕಳಿಸಿ. ಹೊರಗೆ ಇನ್ನೂ ಬೆಳಕಿದೆ, ಸೂರ್ಯ ಮುಳುಗಿಲ್ಲ. ನಾವು ಕಾಯ್ತೀವಿ. ಕೀಬೋರ್ಡ್ ತಮ್ಮಾ, ಮೆಲ್ಲಗೆ ಬಾರಿಸು.

ಪ್ರಾರ್ಥಿಸೋಣ. ಪರಲೋಕದ ತಂದೆಯೇ, ಏದೆನಿನಲ್ಲಿ ಆದಾಮ ಹವ್ವರಿಗೆ ನೀನೇ ಬಟ್ಟೆ ಮಾಡಿ ತೊಡಿಸಿದ ದೇವರು, ನಿನಗೆ ಸ್ತೋತ್ರ. ಈ ಹೊತ್ತು ಮನೆಗಳಲ್ಲಿ ಮೆಷಿನ್ ಮುಂದೆ ಕೂತಿರುವ ನಮ್ಮ ತಾಯಂದಿರ, ಅಕ್ಕತಂಗಿಯರ ಕಣ್ಣುಗಳನ್ನು, ಬೆನ್ನನ್ನು, ಬೆರಳುಗಳನ್ನು ಮುಟ್ಟು ಕರ್ತನೇ. ಅವರ ಮನೆ ಬಾಡಿಗೆ ಐದನೇ ತಾರೀಖಿಗೆ ಸಿದ್ಧವಾಗಿರಲಿ. ಅವರ ಮಕ್ಕಳ ಫೀಸು ನಿಲ್ಲದಿರಲಿ. ಬಾಕಿ ಉಳಿಸಿಕೊಂಡವರಿಗೆ ಇವತ್ತು ರಾತ್ರಿ ನಿದ್ರೆಗೆ ಮೊದಲು ಅದು ನೆನಪಿಗೆ ಬರಲಿ. ಯೇಸು ಕ್ರಿಸ್ತನ ನಾಮದಲ್ಲಿ ಬೇಡಿಕೊಳ್ಳುತ್ತೇವೆ, ತಂದೆಯೇ. ಆಮೆನ್.